ಒಂಬತ್ತು ಇಟ್ಟಿಗೆ

2025 ನವೆಂಬರ್ 16, ಭಾನುವಾರ
ಕಲಬುರಗಿ

ಹಾಲ್‌ನ ಗೋಡೆಗೆ ಒತ್ತಿ ಇಟ್ಟಿಗೆ ಜೋಡಿಸಿಟ್ಟಿದೆ, ಅದರ ಮೇಲೆ ಒಂದು ಶಹಾಬಾದ್ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ. ಮಧ್ಯಾಹ್ನ ಅತ್ತೆ ಅಲ್ಲೇ ನಿಂತು ಹನ್ನೊಂದು ರೊಟ್ಟಿ ಬಡಿದರು. ಬಂದವರೆಲ್ಲ ಇದೇನು ಅಂತ ಕೇಳ್ತಿದ್ದಾರೆ, ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡ್ತಿದ್ದೇನೆ.

ಅತ್ತೆಗೆ ಮೊಣಕಾಲು ನೋವು. ನಲವತ್ತು ವರ್ಷ ನೆಲಕ್ಕೆ ಕೂತು ರೊಟ್ಟಿ ಬಡಿದವರು, ಗ್ಯಾಸ್ ಬಂದ ಮೇಲೂ ಅದನ್ನು ನೆಲದ ಮೇಲೇ ಇಟ್ಟುಕೊಂಡು ಬಡಿದವರು. ಡಾಕ್ಟರು ಇನ್ನು ನೆಲಕ್ಕೆ ಕೂರಲೇಬೇಡಿ ಅಂದರು. ಸರಿ, ನಿಂತು ಮಾಡೋಣ ಅಂದರೆ ನಮ್ಮ ಅಡುಗೆ ಕಟ್ಟೆ 34 ಇಂಚು, ಅತ್ತೆ 4 ಅಡಿ 10 ಇಂಚು. ನಾಲ್ಕು ರೊಟ್ಟಿ ಆಗೋದರೊಳಗೆ ಭುಜ ಹಿಡಿಯುತ್ತೆ. ಹೇಗೂ ನಲ್ಲಿ ಸೋರುತ್ತಿತ್ತು, ಕಪಾಟಿನ ಬಾಗಿಲು ಉಬ್ಬಿತ್ತು. ಎಲ್ಲಾ ಒಡೆದು ಹೊಸದಾಗಿ ಮಾಡಿಸೋಣ ಅಂತಾಯಿತು.

ನಮ್ಮವರು "ಬಡಿಗ ಅದಾನ, ಗೌಂಡಿ ಅದಾನ, ಮತ್ತ ಡಿಸೈನರ್ ಯಾಕ?" ಅಂದರು. ನಾನು ಹಟ ಹಿಡಿದೆ. ನಮ್ಮ ಶಾಲೆಯ ಟೀಚರೊಬ್ಬರ ಮನೆಯಲ್ಲಿ ಬಡಿಗ ತನಗೆ ತಿಳಿದ ಹಾಗೆ ಮಾಡಿ, ಈಗ ಫ್ರಿಜ್ ಬಾಗಿಲು ಅರ್ಧಕ್ಕಿಂತ ಜಾಸ್ತಿ ತೆರೆಯೋದೇ ಇಲ್ಲ.

ಡಿಸೈನರ್ ಹುಡುಗ ಇಲ್ಲಿಯವನೇ, ಓದಿದ್ದು ಹೈದರಾಬಾದಿನಲ್ಲಿ. ಮೊದಲ ದಿನ ಬಂದವನು ಕಿಟಕಿ ದಂಡೆ ಕೂಡ ಬಿಡದೆ ಅಳೆದ. ಎಷ್ಟು ಜನ, ಯಾರು ಅಡುಗೆ ಮಾಡ್ತೀರಿ, ಎಣ್ಣೆ ಡಬ್ಬಿ ಎಷ್ಟು ದೊಡ್ಡದು ಅಂತೆಲ್ಲ ಕೇಳಿದ. ನನಗೆ ಖುಷಿಯಾಯಿತು. ಆಮೇಲೆ ಮೂರು ವಾರ ಸುದ್ದಿಯೇ ಇಲ್ಲ! ಫೋನ್ ಮಾಡಿದರೆ "ಮೇಡಂ, ನಾಳೆ ಕಳಿಸ್ತೀನಿ". ಆ ನಾಳೆ ಬಂದಿದ್ದು ದೀಪಾವಳಿ ಮುಗಿದ ಮೇಲೆ.

ಡ್ರಾಯಿಂಗ್ ಏನೋ ಚೆನ್ನಾಗಿತ್ತು. ಬಿಳಿ ಕ್ವಾರ್ಟ್ಜ್ ಕಟ್ಟೆ, ಗಾಜಿನ ಬಾಗಿಲು, ಎಳೆದರೆ ಹೊರಗೆ ಬರುವ ಬಾಟಲಿ ಸ್ಟ್ಯಾಂಡ್. ಡಿಸೈನರ್ ಯಾಕ ಅಂದವರೇ ಅದನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡಿದರು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ ಒಂದೇ ಕೇಳಿದರು: "ಛಂದ ಅದ. ಖರೇ, ಇದ್ರಾಗ ಜ್ವಾಳದ ಚೀಲ ಎಲ್ಲಿ ಇಡ್ಲಿ?"

ಹೌದಲ್ವಾ. ಹಿಂಗಾರಿ ಸುಗ್ಗಿ ಮುಗಿದ ಮೇಲೆ ವರ್ಷಕ್ಕಾಗುವಷ್ಟು ಮಾಲ್ದಂಡಿ ಜೋಳ ತಂದಿಡುವ ಮನೆ ನಮ್ಮದು. ತೊಗರಿ ಬೇಳೆ ಬೇರೆ. ಆ ಡ್ರಾಯಿಂಗಿನಲ್ಲಿ ಮಸಾಲೆ ಸೀಸೆಗೆ ಹದಿನೆಂಟು ಜಾಗ ಇತ್ತು, ಒಂದು ಚೀಲಕ್ಕೆ ಜಾಗ ಇರಲಿಲ್ಲ. ಕ್ವಾರ್ಟ್ಜ್ ವಿಷಯ ನಾನೇ ಓದಿಕೊಂಡಿದ್ದೆ. ಕಲ್ಲಿನ ಪುಡಿಯನ್ನು ರೆಸಿನ್ ಅನ್ನುವ ಅಂಟು ಹಾಕಿ ಒತ್ತಿ ಮಾಡಿದ್ದು ಅದು. ಕಾದ ಹಂಚು ಇಳಿಸಿ ಇಟ್ಟರೆ ರೆಸಿನ್ ಸುಟ್ಟು ಕಲೆ ಉಳಿಯುತ್ತೆ. ನಮ್ಮ ಮನೆಯಲ್ಲಿ ಹಂಚು ಇಳಿಸದ ದಿನ ಯಾವುದು? ಕೇಳಿದಾಗ ಹುಡುಗ ಸುಮ್ನೆ ತಲೆಯಾಡಿಸಿ ಕರಿ ಗ್ರಾನೈಟ್‌ಗೆ ಒಪ್ಪಿದ. ನಮ್ಮವರು ಊರಿನ ಕಲ್ಲೇ ಹಾಕೋಣ, ಅಗ್ಗ ಅಂದರು. ಅದಕ್ಕೆ ಹುಡುಗ ಒಪ್ಪಲಿಲ್ಲ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಹುಣಸೆಹುಳಿ, ನಿಂಬೆರಸ ಬಿದ್ದರೆ ಹೊಳಪು ಹೋಗುತ್ತೆ, ಕಟ್ಟೆಗೆ ಬೇಡ ಅಂದ. ಆದರೆ ನೆಲದ ಹಳೇ ಫರ್ಸಿ ಕಿತ್ತು ಟೈಲ್ಸ್ ಹಾಕಿಸ್ತೀನಿ ಅಂತ ನಾನು ಹೊರಟಾಗ ತಡೆದವನೂ ಅವನೇ. ಬೇಸಿಗೆಯಲ್ಲಿ ಈ ನೆಲ ಎಷ್ಟು ತಂಪು ಅಂತ ನನಗೆ ಗೊತ್ತಿಲ್ಲವಾ, ಆದರೂ ಟೈಲ್ಸ್ ಅಂಗಡಿಗೆ ಹೋದರೆ ಬುದ್ಧಿ ಕೆಡುತ್ತೆ.

ಮೊನ್ನೆ ರಾತ್ರಿ ನಿದ್ದೆ ಬರದೆ ಓದುತ್ತಾ ಕೂತಿದ್ದೆ. ಈಗ ಎಲ್ಲರೂ ಮಾಡಿಸುವ ಮಾಡ್ಯುಲರ್ ಅಡುಗೆಮನೆಗೆ ಮೂಲ 1926ರ ಜರ್ಮನಿಯ ಫ್ರಾಂಕ್‌ಫರ್ಟ್ ಅಡುಗೆಮನೆಯಂತೆ. ಮಾಡಿದವರು ಮಾರ್ಗರೆಟೆ ಶುಟ್ಟೆ ಲಿಹೋಟ್ಸ್ಕಿ ಅನ್ನುವ ಆಸ್ಟ್ರಿಯಾದ ಹೆಂಗಸು. ಹೆಚ್ಚು ಕಡಿಮೆ ಆರು ಅಡಿ ಅಗಲ, ಹನ್ನೊಂದು ಅಡಿ ಉದ್ದ, ಅಷ್ಟೇ. ಒಂದು ಕೆಲಸಕ್ಕೆ ಎಷ್ಟು ಹೆಜ್ಜೆ, ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ ಮಾಡಿದ್ದು. ಅಂಥವು ಸುಮಾರು 10,000 ಕಟ್ಟಿದರು. ಆದರೆ ಅದನ್ನು ಮಾಡುವ ಮೊದಲು ತಾನು ಅಡುಗೆಯನ್ನೇ ಮಾಡಿರಲಿಲ್ಲ ಅಂತ ಆಕೆಯೇ ಮುಂದೆ ಹೇಳಿಕೊಂಡಿದ್ದಾರೆ! ಎಬ್ಬಿಸಿ ಹೇಳಿದೆ, ನಮ್ಮವರು ಮಗ್ಗುಲು ಬದಲಿಸಿದರು.

ಬೆಳಿಗ್ಗೆ ಎದ್ದವಳೇ ಹುಡುಗನಿಗೆ ಫೋನ್ ಮಾಡಿ, ಭಾನುವಾರ ರೊಟ್ಟಿ ಮಾಡುವ ಹೊತ್ತಿಗೆ ಬಾ, ಊಟಕ್ಕೂ ಇರು ಅಂದೆ.

ಇವತ್ತು ಬಂದ. ಅತ್ತೆ ಅವನೆದುರಿಗೇ ಎಸರಿಟ್ಟು ಹಿಟ್ಟು ನಾದಿದರು. ಅವನು ಪರಾತ ಎಲ್ಲಿದೆ, ಒಣ ಹಿಟ್ಟು ಯಾವ ಕೈಗೆ ಸಿಗಬೇಕು, ಬಡಿದ ರೊಟ್ಟಿ ಎತ್ತಿ ಹಂಚಿಗೆ ಹಾಕಲು ಎಷ್ಟು ದೂರ ಅಂತ ನೋಡುತ್ತಾ ನಿಂತ. ಮೂರನೇ ರೊಟ್ಟಿಗೇ ಅತ್ತೆ ಭುಜ ಒತ್ತಿಕೊಂಡರು. ಆಮೇಲೆ ಅವರು ತಮ್ಮ ಆಸೆ ಹೇಳಿದರು: ನೆಲದಿಂದ ಒಂದಡಿ ಎತ್ತರಕ್ಕೆ ಸಣ್ಣ ಕಟ್ಟೆ ಮಾಡಿಕೊಡು, ಸ್ಟೂಲ್ ಮೇಲೆ ಕೂತು ಬಡಿತೀನಿ. ಹುಡುಗ ಆಗಲ್ಲ ಅಂದ. ಗ್ಯಾಸ್ ಒಲೆ ಸಿಲಿಂಡರಿಗಿಂತ ಮೇಲೆ ಇರಬೇಕು, ಸಿಲಿಂಡರೇ ಎರಡಡಿ ದಾಟುತ್ತೆ. "ಅವ್ವಾ, ಅದೊಂದು ಮಾತ್ರ ನಾ ಮಾಡಿಕೊಡಂಗಿಲ್ಲ" ಅಂತ ಖಡಕ್ಕಾಗಿ ಹೇಳಿದ. ಅತ್ತೆಗೆ ಸಿಟ್ಟು ಬಂತು. ನನಗೆ ಮಾತ್ರ ಅವನ ಮೇಲೆ ಮೊದಲ ಸಲ ಪೂರ್ತಿ ನಂಬಿಕೆ ಬಂತು.

ಹಿತ್ತಲಲ್ಲಿ ಗೌಂಡಿ ಇಳಿಸಿದ್ದ ಇಟ್ಟಿಗೆ ಇದ್ದವು. ಹುಡುಗ, ನಮ್ಮವರು ಸೇರಿ ಹೊತ್ತು ತಂದರು. ಹನ್ನೊಂದು ಇಟ್ಟಿಗೆ ಎತ್ತರ, ಮೇಲೆ ಒಂದಿಂಚಿನ ಫರ್ಸಿ, ಅಂದರೆ ಹಳೇ 34. ಬೇಡ. ಹತ್ತು ಇಟ್ಟಿಗೆ, ಪರವಾಗಿಲ್ಲ. ಎಂಟಕ್ಕೆ ಇಳಿಸಿದರೆ "ಸೊಂಟ ಬಗ್ತದ ತಮ್ಮಾ". ಒಂಬತ್ತಕ್ಕೆ ಅತ್ತೆ ಏನೂ ಮಾತಾಡಲಿಲ್ಲ, ಬಡಿಯುತ್ತಲೇ ಹೋದರು. ಟೇಪ್ ಹಿಡಿದರೆ 28 ಇಂಚು. ಪಕ್ಕಕ್ಕೆ ಸಿಲಿಂಡರ್ ತಂದು ನಿಲ್ಲಿಸಿ ನೋಡಿದೆವು, ಅದು ಕೆಳಗೇ ಉಳಿಯಿತು.

ಈಗ ಹೊಸ ಡ್ರಾಯಿಂಗ್ ಹೀಗೆ: ನನಗೆ 34, ಕಿಟಕಿ ಮೂಲೆಯಲ್ಲಿ ಅತ್ತೆಗೆ ಮೂರಡಿ ಅಗಲ 28ರ ಕಟ್ಟೆ, ಅಲ್ಲೇ ಒಂದು ಒಲೆ. ಚಿಮಣಿ ಅಷ್ಟು ಕೆಳಗಿನ ಒಲೆಗೆ ದೂರವಾಗುತ್ತೆ ಅಂತ ಅಲ್ಲಿ ಎಕ್ಸಾಸ್ಟ್ ಫ್ಯಾನ್. ಬಾಟಲಿ ಸ್ಟ್ಯಾಂಡ್ ಹೋಯಿತು, ಆ ಜಾಗಕ್ಕೆ ಎರಡು ಚೀಲ.

ಒಂದು ಎಡವಟ್ಟು ಇದ್ದೇ ಇದೆ. ಎಲೆಕ್ಟ್ರಿಷಿಯನ್ ವಾಟ್ಸಾಪ್‌ನಲ್ಲಿದ್ದ ಹಳೇ ಡ್ರಾಯಿಂಗ್ ನೋಡಿ ಶುಕ್ರವಾರವೇ ಗೋಡೆ ಕೊರೆದಿದ್ದಾನೆ, ಚಿಮಣಿ ಪ್ಲಗ್ ಈಗ ಪೈಪಿನ ಹಿಂದೆ ಬರುತ್ತೆ. ಮತ್ತೆ ಕೊರೆಯಬೇಕು, ದುಡ್ಡು ಯಾರು ಕೊಡಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಹುಡುಗ ಶೇಂಗಾ ಹಿಂಡಿ, ಪುಂಡಿ ಪಲ್ಯ ಹಚ್ಚಿಕೊಂಡು ನಾಲ್ಕು ರೊಟ್ಟಿ ತಿಂದ, ಆ ವಿಷಯ ಎತ್ತಲಿಲ್ಲ.

ಸಂಜೆ ಇಟ್ಟಿಗೆ ಹೊರಗೆ ಹಾಕಲು ಹೋದರೆ ಅತ್ತೆ ಬಿಡಲಿಲ್ಲ. ಕಟ್ಟೆ ಆಗೋ ತನಕ ಇರಲಿ ಅಂದಿದ್ದಾರೆ. ಟಿವಿ ಅರ್ಧ ಮರೆಯಾಗಿದೆ.