ಲಂಕೆಯ ತಮಿಳರು ಮೊದಲಿನಿಂದಲೂ ಬೇರೆ ದೇಶವನ್ನೇ ಕೇಳುತ್ತಿದ್ದರೇ?

ಇಲ್ಲ. ಸಿಲೋನ್, ಅಂದರೆ ಇಂದಿನ ಶ್ರೀಲಂಕಾ, ಸ್ವತಂತ್ರವಾದದ್ದು 1948ರಲ್ಲಿ. ತಮಿಳ್ ಈಳಂ ಎಂಬ ಪ್ರತ್ಯೇಕ ದೇಶ ಬೇಕೆಂದು ತಮಿಳು ಪಕ್ಷಗಳ ಸಂಯುಕ್ತ ರಂಗ ಜಾಫ್ನಾ ಬಳಿಯ ವಡ್ಡುಕೋಟೈಯಲ್ಲಿ ನಿರ್ಣಯ ಮಾಡಿದ್ದು 1976ರ ಮೇ 14ರಂದು. 1970ರ ಚುನಾವಣೆಯಲ್ಲೂ ಪ್ರತ್ಯೇಕತೆಯ ಮಾತಾಡಿದ ತಮಿಳು ನಾಯಕರನ್ನು ತಮಿಳು ಮತದಾರರೇ ಸೋಲಿಸಿದ್ದರು. ನಮ್ಮಲ್ಲಿ ಹೆಚ್ಚಿನವರು ಈ ಕಥೆಯನ್ನು ರಾಜೀವ್ ಗಾಂಧಿ ಹತ್ಯೆಯಿಂದ ಹಿಡಿಯುತ್ತಾರೆ. ಆ ಹತ್ಯೆ ನಡೆಸಿದ ಎಲ್‌ಟಿಟಿಇ ತಂಡದ ಮುಖ್ಯಸ್ಥ ಶಿವರಾಸನ್ ಸತ್ತದ್ದು ಬೆಂಗಳೂರಿನ ಕೋಣನಕುಂಟೆಯಲ್ಲಿ, ಹಾಗಾಗಿ ಸಹಜ. ಆದರೆ ಅಲ್ಲಿಂದ ಹಿಡಿದರೆ ಯಾವುದೂ ಅರ್ಥವಾಗುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಬೇಕು. ಲಂಕೆಯಲ್ಲಿ ತಮಿಳರು ಎಂದರೆ ಒಂದೇ ಗುಂಪಲ್ಲ. ಉತ್ತರದ ಜಾಫ್ನಾ, ಪೂರ್ವದ ಮಟ್ಟಕಳಪ್ಪು ಕಡೆಯವರು ಶತಮಾನಗಳಿಂದ ಅಲ್ಲಿಯವರೇ. ಬ್ರಿಟಿಷರು ಕಾಫಿ, ಟೀ ತೋಟಗಳಿಗೆ ಕರೆದೊಯ್ದ ಕೂಲಿಗಳ ಮಕ್ಕಳು ಮಲೆನಾಡಿನ ತಮಿಳರು. 1948ರ ಪೌರತ್ವ ಕಾಯ್ದೆ ಈ ಎರಡನೆಯವರಲ್ಲಿ ಸುಮಾರು 7 ಲಕ್ಷ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು, ಮರುವರ್ಷ ಮತದಾನದ ಹಕ್ಕೂ ಹೋಯಿತು. ಆಗ ತಮಿಳು ಕಾಂಗ್ರೆಸ್ಸಿನ ಜಿ.ಜಿ. ಪೊನ್ನಂಬಲಂ ಸರ್ಕಾರ ಸೇರಿ ಮಂತ್ರಿಯಾದರು. ಒಪ್ಪದ ಎಸ್.ಜೆ.ವಿ. ಚೆಲ್ವನಾಯಕಂ ಹೊರಬಂದು 1949ರಲ್ಲಿ ಫೆಡರಲ್ ಪಕ್ಷ ಕಟ್ಟಿದರು. ಅದು ಕೇಳಿದ್ದು ಬೇರೆ ದೇಶವನ್ನಲ್ಲ, ಒಕ್ಕೂಟ ವ್ಯವಸ್ಥೆಯನ್ನು. ಜಾಫ್ನಾದ ಮತದಾರರು ಅವರನ್ನು ತಕ್ಷಣ ಹೊತ್ತು ಮೆರೆಸಲಿಲ್ಲ. 1952ರಲ್ಲಿ ಅವರು ತಮ್ಮ ಕ್ಷೇತ್ರದಲ್ಲೇ ಸೋತರು. ತೋಟದವರ ಕಷ್ಟ ಜಾಫ್ನಾಕ್ಕೆ ಅಷ್ಟಾಗಿ ತಟ್ಟಿರಲಿಲ್ಲ ಎಂಬುದು ನನ್ನ ಅನಿಸಿಕೆ.

ತಟ್ಟಿದ್ದು 1956ರಲ್ಲಿ. ಭಾರತದಲ್ಲಿ ಭಾಷಾವಾರು ಪ್ರಾಂತ ರಚನೆಯಾಗಿ ಕನ್ನಡಿಗರು ಒಂದೇ ರಾಜ್ಯಕ್ಕೆ ಸೇರಿದ ವರ್ಷವದು. ಅದೇ ವರ್ಷ ಲಂಕೆಯ ಪ್ರಧಾನಿ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ ಸಿಂಹಳವೊಂದೇ ಅಧಿಕೃತ ಭಾಷೆ ಎಂಬ ಕಾಯ್ದೆ ತಂದರು. ಸಿಂಹಳರ ಅಸಮಾಧಾನಕ್ಕೂ ಕಾರಣವಿತ್ತು. ಜಾಫ್ನಾದಲ್ಲಿ ಮಿಷನರಿ ಶಾಲೆಗಳು ಹೆಚ್ಚು, ನೀರಾವರಿ ಜಮೀನು ಕಡಿಮೆ. ಇಂಗ್ಲಿಷ್ ಕಲಿತು ಸರ್ಕಾರಿ ನೌಕರಿ ಹಿಡಿಯುವುದೇ ಅಲ್ಲಿನ ಮನೆಗಳ ಬದುಕಾಗಿತ್ತು. ಕಚೇರಿಗಳಲ್ಲಿ ತಮಿಳರ ಪಾಲು ಅವರ ಜನಸಂಖ್ಯೆಗಿಂತ ಹೆಚ್ಚಿತ್ತು. ಸಿಂಹಳದಲ್ಲಿ ಓದಿದ ಹಳ್ಳಿ ಹುಡುಗನಿಗೆ ಬಾಗಿಲು ಮುಚ್ಚಿತ್ತು.

ಕಾಯ್ದೆ ಹೇಗೆ ಕೆಲಸ ಮಾಡಿತೆಂದು ನೋಡಬೇಕಾದರೆ ಕೋಡೀಶ್ವರನ್ ಮೊಕದ್ದಮೆ ನೋಡಿ. ಅವರು ಸರ್ಕಾರಿ ಗುಮಾಸ್ತರು. ನಿಗದಿತ ಸಿಂಹಳ ಪರೀಕ್ಷೆ ಪಾಸಾಗದಿದ್ದರೆ ಇನ್‌ಕ್ರಿಮೆಂಟ್ ಇಲ್ಲ ಎಂದು 1961ರ ಖಜಾನೆ ಸುತ್ತೋಲೆ ಹೇಳಿತು. 1962ರಲ್ಲಿ ಅವರ ಇನ್‌ಕ್ರಿಮೆಂಟ್ ನಿಂತಿತು. ದಾವೆ ಹೂಡಿದರು. ಜಿಲ್ಲಾ ನ್ಯಾಯಾಲಯ ಕಾಯ್ದೆಯೇ ಅಸಿಂಧು ಎಂದಿತು. ನೌಕರ ಸಂಬಳಕ್ಕಾಗಿ ಸರ್ಕಾರದ ಮೇಲೆ ದಾವೆ ಹೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. 1969ರಲ್ಲಿ, ಆಗ ಲಂಕೆಯ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಹೂಡಬಹುದು, ಸಂವಿಧಾನದ ಪ್ರಶ್ನೆಯನ್ನು ನೀವೇ ತೀರ್ಮಾನಿಸಿ ಎಂದು ವಾಪಸ್ ಕಳಿಸಿತು. ಆ ತೀರ್ಮಾನ ಬರಲೇ ಇಲ್ಲ. 1971ರಲ್ಲಿ ಪ್ರಿವಿ ಕೌನ್ಸಿಲ್ಲಿಗೆ ಮೇಲ್ಮನವಿ ಹೋಗುವ ದಾರಿ ಮುಚ್ಚಿತು. ಮರುವರ್ಷ ಬಂದ ಹೊಸ ಸಂವಿಧಾನದಲ್ಲಿ ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಸಿಕ್ಕಿತು, ಅಲ್ಪಸಂಖ್ಯಾತರಿಗೆ ರಕ್ಷಣೆಯಾಗಿದ್ದ ಹಳೆಯ 29ನೇ ವಿಧಿ ಕೈಬಿಟ್ಟುಹೋಯಿತು.

ರಾಜಿಯ ಪ್ರಯತ್ನಗಳೇ ಆಗಲಿಲ್ಲವೆಂದಲ್ಲ. 1957ರ ಜುಲೈಯಲ್ಲಿ ಬಂಡಾರನಾಯಕೆ, ಚೆಲ್ವನಾಯಕಂ ಸಹಿ ಹಾಕಿದ ಒಪ್ಪಂದದಲ್ಲಿ ಪ್ರಾದೇಶಿಕ ಮಂಡಳಿಗಳಿದ್ದವು. ಕೃಷಿ, ಶಿಕ್ಷಣ, ಆರೋಗ್ಯದ ಜೊತೆಗೆ ಜಮೀನು ಮತ್ತು ಹೊಸ ವಸಾಹತುಗಳ ಅಧಿಕಾರವನ್ನೂ ಅವುಗಳಿಗೆ ಕೊಡುವ ಮಾತಿತ್ತು. ವಿರೋಧ ಪಕ್ಷದ ಜೆ.ಆರ್. ಜಯವರ್ಧನೆ ಇದರ ವಿರುದ್ಧ ಕ್ಯಾಂಡಿಗೆ ಪಾದಯಾತ್ರೆ ಹೊರಟರು. 1958ರ ಆರಂಭದಲ್ಲಿ ಸಿಂಹಳ ‘ಶ್ರೀ’ ಅಕ್ಷರದ ನಂಬರ್ ಪ್ಲೇಟ್ ಹೊತ್ತ ಸರ್ಕಾರಿ ಬಸ್ಸುಗಳು ಉತ್ತರಕ್ಕೆ ಬಂದವು. ಫೆಡರಲ್ ಪಕ್ಷದವರು ಆ ಅಕ್ಷರಕ್ಕೆ ಟಾರು ಬಳಿದರು, ದಕ್ಷಿಣದಲ್ಲಿ ತಮಿಳು ಬೋರ್ಡುಗಳಿಗೆ ಟಾರು ಬಿತ್ತು. ಏಪ್ರಿಲ್‌ನಲ್ಲಿ ಭಿಕ್ಷುಗಳು ಪ್ರಧಾನಿಯ ಮನೆ ಮುಂದೆ ಕೂತರು, ಒಪ್ಪಂದ ರದ್ದಾಯಿತು. ಮೇ ತಿಂಗಳಲ್ಲಿ ಗಲಭೆ. 1965ರಲ್ಲಿ ಜಯವರ್ಧನೆಯವರ ಪಕ್ಷದ ಡಡ್ಲಿ ಸೇನಾನಾಯಕೆ ಇಂಥದ್ದೇ ಒಪ್ಪಂದ ಮಾಡಿಕೊಂಡಾಗ ಬಂಡಾರನಾಯಕೆಯವರ ಪಕ್ಷ ವಿರೋಧಕ್ಕೆ ನಿಂತಿತು. ಎರಡೂ ದೊಡ್ಡ ಪಕ್ಷಗಳಿಗೆ ಬೇಕಿದ್ದದ್ದು ಅದೇ ಸಿಂಹಳ ಮತ. ಆದ್ದರಿಂದ ಆಳುವವನು ಕೊಟ್ಟದ್ದನ್ನು ಹೊರಗಿರುವವನು ಕೆಡಿಸುತ್ತಿದ್ದ.

ಯುವಕರನ್ನು ಕೆರಳಿಸಿದ್ದು ಅಂಕಪಟ್ಟಿ. 1971ರ ವೈದ್ಯಕೀಯ ಪ್ರವೇಶಕ್ಕೆ 400ರಲ್ಲಿ ಸಿಂಹಳ ಮಾಧ್ಯಮದವರಿಗೆ 229 ಸಾಕು, ತಮಿಳು ಮಾಧ್ಯಮದವರಿಗೆ 250 ಬೇಕು. ಆಮೇಲೆ ಬಂದ ಜಿಲ್ಲಾವಾರು ಕೋಟಾದಿಂದ ಹಿಂದುಳಿದ ತಮಿಳು ಜಿಲ್ಲೆಗಳಿಗೂ ಲಾಭವಾಯಿತು, ಪೆಟ್ಟು ಬಿದ್ದದ್ದು ಜಾಫ್ನಾಕ್ಕೆ. ಬಂದೂಕು ಹಿಡಿದ ಮೊದಲ ತಲೆಮಾರು ಬಹುಪಾಲು ಅಲ್ಲಿಯದೇ. 1975ರಲ್ಲಿ, ಮುಂದೆ ಎಲ್‌ಟಿಟಿಇಯ ನಾಯಕನಾದ ಪ್ರಭಾಕರನ್ ಕೈಯಲ್ಲಿ ಸತ್ತ ಜಾಫ್ನಾ ಮೇಯರ್ ಆಲ್‌ಫ್ರೆಡ್ ದುರೈಯಪ್ಪ ತಮಿಳರೇ ಆಗಿದ್ದರು.

ಈಳಂ ನಿರ್ಣಯ ಹೊತ್ತು 1977ರ ಚುನಾವಣೆಗೆ ಹೋದ ಸಂಯುಕ್ತ ರಂಗ 18 ಸ್ಥಾನ ಗೆದ್ದಿತು. ರಂಗದ ಅಮೃತಲಿಂಗಂ ಸಂಸತ್ತಿನಲ್ಲಿ ವಿರೋಧ ಪಕ್ಷದ ನಾಯಕರಾದರು. 1981ರಲ್ಲಿ ಜಾಫ್ನಾ ಗ್ರಂಥಾಲಯದ ಸುಮಾರು 97,000 ಪುಸ್ತಕಗಳು ಸುಟ್ಟುಹೋದವು. 1983ರ ಜುಲೈ 23ರಂದು ಹುಲಿಗಳು, ಅಂದರೆ ಎಲ್‌ಟಿಟಿಇಯವರು, 13 ಸೈನಿಕರನ್ನು ಕೊಂದರು, ಮರುದಿನದಿಂದ ಕೊಲಂಬೊದಲ್ಲಿ ತಮಿಳರ ಮನೆ ಅಂಗಡಿಗಳಿಗೆ ಬೆಂಕಿ. ಅದರ ಬೆನ್ನಿಗೇ ಬಂದ ಆರನೇ ತಿದ್ದುಪಡಿ, ಪ್ರತ್ಯೇಕತೆಯನ್ನು ಬೆಂಬಲಿಸುವುದಿಲ್ಲವೆಂದು ಸಂಸದರು ಪ್ರಮಾಣ ಮಾಡಬೇಕೆಂದಿತು. ಒಪ್ಪದ ತಮಿಳು ಸಂಸದರು ಸ್ಥಾನ ಕಳೆದುಕೊಂಡರು. ಸಂಸತ್ತಿನಲ್ಲಿ ಮಾತಾಡುವವರು ಇಲ್ಲದಾದ ಮೇಲೆ ಆ ಜಾಗವನ್ನು ಹುಲಿಗಳು ಹಿಡಿದರು, ಉಳಿದವರನ್ನು ಇರಗೊಡಲಿಲ್ಲ: 1989ರಲ್ಲಿ ಅಮೃತಲಿಂಗಂ ಅವರನ್ನು ಕೊಂದವರು ಹುಲಿಗಳೇ, 1990ರಲ್ಲಿ ಉತ್ತರದ ಮುಸ್ಲಿಮರನ್ನು ಮನೆ ಬಿಡಿಸಿ ಓಡಿಸಿದವರೂ ಅವರೇ.