ಫ್ಯಾಮಿಲಿ ಕೇಸಿಗೆ ಯಾವ ಪುಸ್ತಕ ತಗೊಳ್ಳಬೇಕು?

"ಸರ್, ಫ್ಯಾಮಿಲಿ ಕೇಸಿಗೆ ಯಾವ ಬುಕ್ ತಗೋಬೇಕ್ರಿ?" ಸನ್ನದು ಸಿಕ್ಕ ಹೊಸದರಲ್ಲಿ ಹುಬ್ಬಳ್ಳಿ ಕೋರ್ಟಿಗೆ ಬರುವ ಹುಡುಗ ಹುಡುಗಿಯರೆಲ್ಲ ನನ್ನನ್ನು ಇದನ್ನೇ ಕೇಳುತ್ತಾರೆ. ಅವರ ಕಣ್ಣಲ್ಲಿ ಗಾಜಿನ ಕಪಾಟು, ಅದರ ತುಂಬ ದಪ್ಪ ದಪ್ಪ ಪುಸ್ತಕ. ನನ್ನ ಉತ್ತರ ಕೇಳಿ ಸ್ವಲ್ಪ ಬೇಸರವೇ ಆಗುತ್ತದೆ ಅವರಿಗೆ. ತೆಳ್ಳಗಿನ ಪುಸ್ತಕ ಹೊಸದು ಕೊಳ್ಳಿ, ದಪ್ಪನೆಯದು ಹಳೆಯದಾದರೂ ನಡೆಯುತ್ತದೆ.

ತೆಳ್ಳಗಿನದು ಅಂದರೆ ಬೇರ್ ಆಕ್ಟ್, ಅಂದರೆ ವಿವರಣೆ ಇಲ್ಲದೆ ಕಾಯ್ದೆಯ ಮೂಲ ಪಾಠವಷ್ಟೇ ಇರುವ ಪುಸ್ತಕ. 1955ರ ಹಿಂದೂ ವಿವಾಹ ಕಾಯ್ದೆ, 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಮಕ್ಕಳ ವಿಷಯಕ್ಕೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಇಷ್ಟು ಚೀಲದಲ್ಲಿದ್ದರೆ ದಿನದ ಕೆಲಸ ಸಾಗುತ್ತದೆ. ಹೊಸದೇ ಯಾಕೆ? ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಜೀವನಾಂಶಕ್ಕಿದ್ದ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಕೈ ಮಾತ್ರ ಇನ್ನೂ 125 ಅಂತಲೇ ಬರೆಯುತ್ತದೆ. ಮೇಲ್ಮನವಿಯ ಗಡುವು ಕೂಡ ಕಾಮೆಂಟರಿ, ಅಂದರೆ ಕಾನೂನಿಗೆ ವಿವರಣೆ ಬರೆದ ದಪ್ಪ ಪುಸ್ತಕ, ಹುಡುಕಿ ನೋಡುವ ವಿಷಯವಲ್ಲ. ಕುಟುಂಬ ನ್ಯಾಯಾಲಯದ ಆದೇಶದ ಮೇಲೆ ಹೈಕೋರ್ಟಿಗೆ ಹೋಗಲು 30 ದಿನ. ಕುಟುಂಬ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಂ ಓದಿದರೆ ಸಾಕು.

ಇನ್ನೊಂದು, ಅಂಗಡಿಯಲ್ಲಿ ಪುಸ್ತಕವಾಗಿ ಕೇಳುವಂಥದ್ದಲ್ಲ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ರಜನೇಶ್ ವಿರುದ್ಧ ನೇಹಾ ತೀರ್ಪು. ಪೂರ್ತಿ ಪ್ರಿಂಟ್ ಹಾಕಿಸಿ ಬೈಂಡ್ ಮಾಡಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಕೊಡಬೇಕು, ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದ ಹಿಡಿಯಬೇಕು ಅಂತ ಹೇಳಿದ್ದು ಅದೇ. ತೀರ್ಪಿನ ಕೊನೆಗೆ ನಮೂನೆಗಳಿವೆ. ಬಹಳ ಮಂದಿ ಮೊದಲನೆಯದನ್ನಷ್ಟೇ ತುಂಬಿ ಕೈತೊಳೆದುಕೊಳ್ಳುತ್ತಾರೆ. ಅದು ಸಂಬಳದವರಿಗೆ, ವ್ಯಾಪಾರದವರಿಗೆ ಸರಿ. ನಮ್ಮ ಕಕ್ಷಿದಾರರು ಕುಂದಗೋಳ, ನವಲಗುಂದ, ಕಲಘಟಗಿ ಕಡೆಯವರು, ಅಲ್ವಾ? ಮೆಣಸಿನಕಾಯಿ, ಹತ್ತಿ, ಕಡಲೆ ಬೆಳೆಯುವವರು. ಅವರಿಗೆ ಬೇಕಾದ್ದು ಎರಡನೇ ನಮೂನೆ, ಒಕ್ಕಲುತನ ಮಾಡುವವರಿಗೆ ಅಂತಲೇ ಇರುವುದು. ಹೊಲ ಎಷ್ಟು, ನೀರಾವರಿಯೋ ಒಣಬೇಸಾಯವೋ, ಯಾವ ಬೆಳೆ, ಹಿಂದಿನ ಮೂರು ವರ್ಷದ ಆದಾಯ ಎಷ್ಟು, ದನಕರು ಎಷ್ಟು, ಎಲ್ಲವನ್ನೂ ಅದು ಕೇಳುತ್ತದೆ. "ನಂದೇನೂ ಇಲ್ರೀ, ಎಲ್ಲಾ ಅಪ್ಪನ ಹೆಸರಿಲೆ ಐತಿ" ಅನ್ನುವ ಗಂಡಂದಿರು ಇಲ್ಲಿ ಜಾಸ್ತಿ. ಹೊಲದಲ್ಲಿರುವ ಪಾಲನ್ನೂ ಆ ನಮೂನೆ ಕೇಳುತ್ತದೆ. ಅದನ್ನು ಮುಂದಿಟ್ಟುಕೊಂಡು, ಪಹಣಿ ಕೈಯಲ್ಲಿ ಹಿಡಿದು ಪಾಟೀಸವಾಲು ಮಾಡಿ ನೋಡಿ.

ದಪ್ಪ ಪುಸ್ತಕ ಬೇಕಾಗುವುದು ಡೈವೋರ್ಸಿಗಿಂತ ವಾಟ್ನಿ ಕೇಸಿಗೆ, ಅಂದರೆ ಆಸ್ತಿ ಪಾಲಿನ ಕೇಸಿಗೆ. ಮುಲ್ಲಾ ಅವರ ಹಿಂದೂ ಕಾನೂನು ಒಂದಿದ್ದರೆ ಸಾಕು. ಬೆಂಗಳೂರಿನವರು ಬರೆದ ನೋಟ್ಸ್ ನೋಡಿ ಹಳೇ ಮೈಸೂರಿನ 1933ರ ಹಿಂದೂ ಮಹಿಳಾ ಹಕ್ಕುಗಳ ಕಾಯ್ದೆಯನ್ನು ಇಲ್ಲಿನ ಹೊಲಕ್ಕೆ ಅಂಟಿಸಬೇಡಿ. 1956ರವರೆಗೆ ಧಾರವಾಡ ಜಿಲ್ಲೆ ಮುಂಬೈ ಕಡೆಗಿತ್ತು. ಗದಗ, ಹಾವೇರಿ ಆಗ ಅದರೊಳಗೇ. ಆ ಕಾಯ್ದೆ ಇಲ್ಲಿ ನಡೆಯಲೇ ಇಲ್ಲ. ನಮ್ಮಲ್ಲಿ ವಿಚ್ಛೇದನಕ್ಕೂ 1947ರ ಮುಂಬೈ ಕಾಯ್ದೆಯೇ ಇತ್ತು. ಅಜ್ಜ ಯಾವ ವರ್ಷ ತೀರಿಕೊಂಡ ಎಂಬುದರ ಮೇಲೆ ಇಡೀ ಕೇಸು ನಿಲ್ಲುತ್ತದೆ. ಆಗಿನ ಕಾನೂನು ಇನ್ನು ಬದಲಾಗುವುದಿಲ್ಲ, ಅದಕ್ಕೇ ಹಳೇ ಆವೃತ್ತಿ ನಡೆಯುತ್ತದೆ ಅಂದದ್ದು. ಮಗಳ ಪಾಲಿನ ಅಧ್ಯಾಯವೊಂದನ್ನು ಮಾತ್ರ ಅದರಲ್ಲಿ ಓದಬೇಡಿ. ಕರ್ನಾಟಕದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿ, ಆಮೇಲೆ ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು, ಈ ಮೂರನ್ನು ಬೇರೆಯಾಗಿಯೇ ಓದಿ. ಅಂದಹಾಗೆ, ಆ ದಪ್ಪ ಇಂಗ್ಲಿಷ್ ಪುಸ್ತಕಗಳೆಲ್ಲ ಎತ್ತಿ ಆಡುವ ಹಳೇ ಧರ್ಮಶಾಸ್ತ್ರ ಗ್ರಂಥ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣ ಚಾಲುಕ್ಯರ ಕಾಲದವನು.

ಮುಸ್ಲಿಂ ಕಾನೂನಿಗೂ ಒಂದು ಪುಸ್ತಕ ಬೇಕು, ಹುಬ್ಬಳ್ಳಿಯಲ್ಲಿ ಅದಿಲ್ಲದೆ ಆಗುವುದಿಲ್ಲ. ಜೀವನಾಂಶದ ಭಾಗಕ್ಕೆ ಸುಪ್ರೀಂ ಕೋರ್ಟಿನ 2001ರ ಡ್ಯಾನಿಯಲ್ ಲತೀಫಿ ತೀರ್ಪು ಸೇರಿಸಿಕೊಳ್ಳಿ. ವಿಚ್ಛೇದಿತ ಮುಸ್ಲಿಂ ಹೆಣ್ಣುಮಗಳು 125ರ ಕೆಳಗೂ ಕೇಳಬಹುದು ಎಂದ 2024ರ ಜುಲೈ ತೀರ್ಪನ್ನೂ ಇಟ್ಟುಕೊಳ್ಳಿ.

ತೀರ್ಪುಗಳನ್ನು ಅಚ್ಚು ಹಾಕುವ ಜರ್ನಲ್‌ಗೆ ಚಂದಾ ಈಗಲೇ ಬೇಡ. ಸುಪ್ರೀಂ ಕೋರ್ಟಿನ ಆನ್‌ಲೈನ್ ತೀರ್ಪು ಸಂಗ್ರಹ ಇ-ಎಸ್‌ಸಿಆರ್‌ನಲ್ಲಿ ತೀರ್ಪುಗಳು ಪುಕ್ಕಟೆ ಸಿಗುತ್ತವೆ. ನಮ್ಮ ಧಾರವಾಡ ಪೀಠದ ತೀರ್ಪುಗಳು ಹೈಕೋರ್ಟ್ ವೆಬ್‌ಸೈಟಿನಲ್ಲಿವೆ. ಮೊಬೈಲಿನಲ್ಲಿ ಎಐ ಕೊಟ್ಟ ಸೈಟೇಶನ್ (ತೀರ್ಪಿನ ಉಲ್ಲೇಖ) ಇದ್ದರೆ ಅಲ್ಲಿ ತೆಗೆದು ಓದಿದ ಮೇಲೆಯೇ ಜಡ್ಜ್ ಮುಂದೆ ಇಡಿ. ಮುಲ್ಲಾ ಬೇಕಾದರೆ ಹೊಸದಕ್ಕೆ ದುಡ್ಡು ಸುರಿಯುವ ಮೊದಲು, ಪ್ರಾಕ್ಟೀಸ್ ನಿಲ್ಲಿಸುತ್ತಿರುವ ಸೀನಿಯರ್ ಯಾರಾದರೂ ಇದ್ದಾರಾ ವಿಚಾರಿಸಿ. ತಗೊಳ್ಳುವಾಗ ಗೆದ್ದಲು ಹಿಡಿದಿದೆಯಾ ಅಂತ ಒಳಗೂ ಬಿಡಿಸಿ ನೋಡಿ.