ಕೋಳಿಗೆ ಹುಲ್ಲು ಬೇಡ

ಮೂರನೇ ತರಗತಿಯ ಮಕ್ಕಳಿಗೆ ಓದು ಬರಹದಲ್ಲಿ ನೆರವಾಗಲು ನಾನು ಒಂದು ಶಾಲೆಗೆ ಹೋಗುತ್ತಿದ್ದೆ. ಅಲ್ಲೊಬ್ಬಳು ಹುಡುಗಿ. ಮನೆಮಾತು ಬೇರೆ. ಅಪ್ಪ ಅಮ್ಮ ಕೆಲಸ ಹುಡುಕಿಕೊಂಡು ದೂರದಿಂದ ಬಂದವರು. "ಆಟಕ್ಕೆ ಬಿಟ್ರೆ ಪಟಪಟ ಮಾತಾಡ್ತಾಳೆ ಮೇಡಂ, ಪಾಠ ಅಂದ್ರೆ ಬಾಯಿಗೆ ಬೀಗ. ಗಮನ ಕೊಡಲ್ಲ ಅಷ್ಟೆ" ಅನ್ನುತ್ತಿದ್ದರು ಅವಳ ಟೀಚರ್.

ಅವತ್ತು ಚಿತ್ರದ ಹಾಳೆ ಕೊಟ್ಟಿದ್ದರು. ಹಸು, ಮೇಕೆ, ಕೋಳಿ, ಹುಲ್ಲು. ಗುಂಪಿಗೆ ಸೇರದ್ದಕ್ಕೆ ಗೀಟು ಹಾಕಬೇಕು. ಉಳಿದವರೆಲ್ಲ ಹುಲ್ಲಿಗೆ ಹಾಕಿದರೆ ಇವಳು ಕೋಳಿಗೆ ಹಾಕಿದ್ದಳು. ಟೀಚರ್ ತಪ್ಪು ಗುರುತು ಹಾಕಿ ಮುಂದಿನ ಬೆಂಚಿಗೆ ಹೋದರು. ಅಷ್ಟು ಮಕ್ಕಳ ನಡುವೆ ಅವರಾದರೂ ಏನು ಮಾಡಿಯಾರು, ಪಾಪ.

ನಾನು ಪಕ್ಕದಲ್ಲಿ ಕೂತು ಯಾಕೆ ಅಂತ ಕೇಳಿದೆ. ತಲೆ ಎತ್ತಲಿಲ್ಲ. ಸುಮ್ನೆ ಕಾದೆ. ಕೊನೆಗೆ ಮಾತು ಬಂತು. "ಹಸು ಹುಲ್ಲು ತಿನ್ನುತ್ತೆ. ಮೇಕೆನೂ ತಿನ್ನುತ್ತೆ. ಕೋಳಿಗೆ ಕಾಳು ಬೇಕು."

ಇದರಲ್ಲಿ ತಪ್ಪೇನಿದೆ ಹೇಳಿ! ಸೋವಿಯತ್ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ 1931-32ರಲ್ಲಿ ಉಜ್ಬೇಕಿಸ್ತಾನದ ಹಳ್ಳಿಗಳಲ್ಲಿ ಇಂಥದ್ದೇ ಪ್ರಶ್ನೆ ಕೇಳಿದ್ದರು. ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿ. ಶಾಲೆಗೆ ಹೋಗದ ರೈತರು ದಿಮ್ಮಿಯನ್ನು ಬಿಡಲು ಒಪ್ಪಲಿಲ್ಲ. ದಿಮ್ಮಿಯೇ ಇಲ್ಲದಿದ್ದರೆ ಗರಗಸಕ್ಕೆ ಏನು ಕೆಲಸ ಅನ್ನುವುದು ಅವರ ವಾದ. ಒಂದಿಷ್ಟು ಓದಿದವರು ಮಾತ್ರ ಉಪಕರಣಗಳನ್ನು ಒಂದು ಕಡೆ ಇಟ್ಟರು. ಅಂದರೆ ಪ್ರಾಣಿ ಒಂದು ಕಡೆ, ಗಿಡ ಒಂದು ಕಡೆ ಎಂದು ವಿಂಗಡಿಸುವುದು ಶಾಲೆ ಕಲಿಸುವ ಅಭ್ಯಾಸ. ಅದನ್ನೇ ನಾವು ಬುದ್ಧಿಯ ಅಳತೆಗೋಲು ಮಾಡಿಕೊಂಡಿದ್ದೇವೆ.

ಬಾಯಿಗೆ ಬೀಗದ ವಿಷಯಕ್ಕೂ ಕಾರಣವಿದೆ. ಕೆನಡಾದಲ್ಲಿ ವಲಸೆ ಬಂದವರ ಮಕ್ಕಳನ್ನು ಅಧ್ಯಯನ ಮಾಡಿದ ಜಿಮ್ ಕಮಿನ್ಸ್ ಪ್ರಕಾರ, ಹೊಸ ಭಾಷೆಯಲ್ಲಿ ಹರಟಲು ಸುಮಾರು 2 ವರ್ಷ ಸಾಕು. ಪಾಠದ ಭಾಷೆಯಲ್ಲಿ ಓರಗೆಯವರ ಮಟ್ಟ ಮುಟ್ಟಲು 5ರಿಂದ 7 ವರ್ಷ ಬೇಕು. ಆಟದಲ್ಲಿ ಕೈಸನ್ನೆ, ಮುಖಭಾವ ಎಲ್ಲ ಜೊತೆಗಿರುತ್ತವೆ. ಪುಸ್ತಕದಲ್ಲಿ ಬರೀ ಅಕ್ಷರ. ಪಟಪಟ ಮಾತು ಕೇಳಿ ನಾವು ಮೋಸ ಹೋಗುವುದು ಇಲ್ಲೇ.

ಬಿಡುವಿನಲ್ಲಿ ಟೀಚರ್‌ಗೆ ಅವಳ ಕಾರಣ ಹೇಳಿದೆ. ಅವರು ಹಾಳೆ ತರಿಸಿಕೊಂಡು ನೋಡಿ, ನಕ್ಕು, ಅಂಕ ಕೊಟ್ಟರು. ಆಮೇಲೆ ಹುಡುಗಿಯನ್ನು ಕರೆದು, "ನೀನು ಹೇಳಿದ್ದು ಸರಿ ಪುಟ್ಟಾ. ಆದ್ರೆ ಪರೀಕ್ಷೆಯಲ್ಲಿ ಹುಲ್ಲಿಗೇ ಗೀಟು ಹಾಕು, ಅಲ್ಲಿ ಪೇಪರ್ ನೋಡೋರು ನಿನ್ನ ಯಾಕೆ ಅಂತ ಕೇಳಲ್ಲ" ಅಂದರು.